ಬೇರೆ ಇಟ್ಟ ಕರ್ಪೂರ

ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಬಂಟ್ವಾಳ ಬೈಪಾಸಿನ ಸ್ಟಾಪಿನಿಂದ ಬೆಳ್ತಂಗಡಿ ಬಸ್ಸು ಹೊರಡುವಾಗ ಕಂಡಕ್ಟರ್ ಶೇಷಪ್ಪ ಒಂದು ವಿಸಿಲ್ ಊದುತ್ತಿದ್ದ. ಉದ್ದದ, ತುಂಬು ಉಸಿರಿನ ವಿಸಿಲ್. ಅದು ರಸ್ತೆಯ ಆಚೆ ಬದಿಯ ಹೋಮಿಯೋಪತಿ ಕ್ಲಿನಿಕ್ಕಿನಲ್ಲಿ ಕೂತ ಡಾಕ್ಟರ್ ಅಬ್ದುಲ್ ನಾಸಿರ್ ಅವರ ಕಿವಿಗೆ ಬೀಳುತ್ತಿತ್ತು ಎಂದರೆ ಅರ್ಧ ಸತ್ಯ. ನೇರ ಹೊಟ್ಟೆಗೆ ಇಳಿಯುತ್ತಿತ್ತು. ಆ ಹೊತ್ತಿಗೆ ಯಾರ ತಲೆನೋವಿನ ಕಥೆ ಬರೆದುಕೊಳ್ಳುತ್ತಿದ್ದರೂ ಡಾಕ್ಟರರು ಪೆನ್ನು ನಿಲ್ಲಿಸಿ, ಬಸ್ಸು ಕಣ್ಮರೆಯಾಗುವವರೆಗೆ ಸುಮ್ಮನಿರುತ್ತಿದ್ದರು. ಸಂಜೆ ನಾಲ್ಕೂಕಾಲರ ಟ್ರಿಪ್ಪಿಗೆ ಮತ್ತೆ ಅದೇ.

ಕಂಡಕ್ಟರ್ ವಿಸಿಲ್ ಊದುವುದರಲ್ಲಿ ಏನು ದೊಡ್ಡಸ್ತಿಕೆ ಎಂದು ನೀವು ಕೇಳಬಹುದು. ಶೇಷಪ್ಪನ ಮಟ್ಟಿಗೆ ದೊಡ್ಡಸ್ತಿಕೆಯೇ. ಅವನಿಗೆ ಒಂಬತ್ತನೆಯ ವಯಸ್ಸಿಗೆ ಹಿಡಿದ ದಮ್ಮಿನ ಕಾಯಿಲೆ ನಲವತ್ತೆಂಟಾದರೂ ಬಿಟ್ಟಿರಲಿಲ್ಲ. ಇಪ್ಪತ್ತು ವರ್ಷ ಅದೇ ರೂಟಿನಲ್ಲಿ ದುಡಿದರೂ ವಿಸಿಲನ್ನು ಬಾಯಿಗಿಟ್ಟವನಲ್ಲ. ಅಂಗೈಯಿಂದ ಬಸ್ಸಿನ ಮೈಗೆ ಎರಡು ಪೆಟ್ಟು ಬಡಿದರೆ ಅದೇ ಡ್ರೈವರಿಗೆ ರೈಟ್. ಕಿಸೆಯಲ್ಲಿ, ಉಸಿರು ಕಟ್ಟಿದರೆ ಎಳೆದುಕೊಳ್ಳುವ ಇಂಗ್ಲಿಷ್ ಮದ್ದಿನ ಪಂಪು ಯಾವಾಗಲೂ ಇರುತ್ತಿತ್ತು. ಹೋದ ಜುಲೈಯಲ್ಲಿ ಅವನು ನಾಸಿರ್ ಡಾಕ್ಟರರ ಹತ್ತಿರ ಬಂದ. ಎರಡು ತಿಂಗಳು ಅವರ ಬಿಳಿ ಮಾತ್ರೆ ತಿಂದ. ಏನೂ ಆಗಲಿಲ್ಲ. ಸೆಪ್ಟೆಂಬರಿನಲ್ಲಿ, ಹೇಳದೆ ಕೇಳದೆ, ಮಡಂತ್ಯಾರಿನ ಡಾಕ್ಟರ್ ದೀಪಶ್ರೀಯ ಕ್ಲಿನಿಕ್ಕಿಗೆ ಹೋದ. ನವೆಂಬರಿನಲ್ಲಿ ಅಂಗಡಿಯಿಂದ ಒಂದು ಹೊಸ ವಿಸಿಲ್ ಕೊಂಡು ಕೊರಳಿಗೆ ಹಾಕಿಕೊಂಡ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಕಂಡಕ್ಟರನ ಬಾಯಿ ಸುಮ್ಮನಿರುತ್ತದೆಯೇ? ಟಿಕೇಟು ಹರಿಯುತ್ತಾ ಹರಿಯುತ್ತಾ, ಮಣಿಹಳ್ಳದಿಂದ ಗುರುವಾಯನಕೆರೆಯವರೆಗೆ ಯಾರು ಕೆಮ್ಮಿದರೂ, ಯಾರು ಮೊಣಕಾಲು ತಿಕ್ಕಿಕೊಂಡರೂ ಅವನು ದೀಪಶ್ರೀ ಡಾಕ್ಟರರ ವಿಳಾಸ ಹೇಳುತ್ತಿದ್ದ. ಮೂಡುಬಿದಿರೆಯಿಂದ ಕೂಡ ಜನ ಆ ಕ್ಲಿನಿಕ್ಕಿಗೆ ಬಂದು ಟೋಕನ್ ಹಿಡಿದು ಕಾಯುತ್ತಾರೆ ಎಂಬ ಸುದ್ದಿ ನಾಸಿರ್ ಡಾಕ್ಟರರಿಗೆ ಅವರದೇ ರೋಗಿಗಳ ಬಾಯಿಂದ ಬಂತು. ಅವರು ಬಾಯಿತುಂಬ ಸಂತೋಷ ಎಂದರು. ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ.

ದೀಪಶ್ರೀ ಹೊರಗಿನವಳಾಗಿದ್ದರೆ ಇಷ್ಟು ಉರಿ ಇರುತ್ತಿರಲಿಲ್ಲ. ಮೂಡುಬಿದಿರೆಯ ಹುಡುಗಿ, ಕಾಲೇಜು ಮುಗಿಸಿ ನೇರ ಬಂದದ್ದು ನಾಸಿರ್ ಡಾಕ್ಟರರ ಮೇಜಿನ ಪಕ್ಕಕ್ಕೆ. ಆರು ವರ್ಷ ಅಲ್ಲೇ ಸ್ಟೂಲಿನ ಮೇಲೆ ಕೂತು ಕಲಿತಳು. ಬಂದ ಎರಡನೆಯ ತಿಂಗಳಲ್ಲೇ ಒಂದು ಘಟನೆ ಆಗಿತ್ತು. ಡಾಕ್ಟರರು ನಾಲ್ಕು ವರ್ಷದಿಂದ ಮದ್ದು ಹುಡುಕಿ ಹುಡುಕಿ ಸೋತಿದ್ದ ಒಬ್ಬ ಹೆಂಗಸಿನ ಫೈಲನ್ನು ಒಂದು ಸಂಜೆ ಓದಿದವಳು, "ಸರ್, ಇವರು ಅಳುವಾಗ ಯಾರಾದ್ರೂ ಸಮಾಧಾನ ಮಾಡಿದ್ರೆ ಇವರಿಗೆ ಸಿಟ್ಟು ಬರ್ತದಂತೆ. ಅದನ್ನು ನಾವು ಲೆಕ್ಕಕ್ಕೇ ತಗೊಳ್ಳಲಿಲ್ಲ ಅಲ್ವಾ?" ಎಂದು ಕೇಳಿದ್ದಳು. ಮದ್ದು ಬದಲಾಯಿತು, ಹೆಂಗಸು ಚೇತರಿಸಿದಳು. ಡಾಕ್ಟರರು ಬೇಕರಿಯಿಂದ ಸ್ವೀಟ್ ತರಿಸಿ, ಬಂದವರೆದುರೆಲ್ಲ ಹುಡುಗಿಯನ್ನು ಹೊಗಳಿದರು. ಹೊಗಳುವಾಗ ಒಳಗೆ ಏನೋ ಚುರುಕ್ ಎಂದದ್ದನ್ನು ಅವರು ಸ್ವೀಟಿನ ಜೊತೆ ನುಂಗಿಬಿಟ್ಟರು. ಮೂರು ವರ್ಷದ ಹಿಂದೆ ಅವಳು ಮದುವೆಯಾಗಿ ಮಡಂತ್ಯಾರಿನಲ್ಲಿ ಬೋರ್ಡು ಹಾಕಿದಾಗ ಉದ್ಘಾಟನೆಗೆ ಹೋಗಿ ರಿಬ್ಬನ್ ಕತ್ತರಿಸಿ ಬಂದವರೂ ಅವರೇ.

ಇವರಿಬ್ಬರದೂ ಹಳೆಯ ಕಟ್ಟುನಿಟ್ಟಿನ ಹೋಮಿಯೋಪತಿ. ಅದರ ತತ್ತ್ವ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದೆ ನಡೆದದ್ದರ ಕೊಳಕುತನ ಗೊತ್ತಾಗುವುದಿಲ್ಲ. ಹಳೆಯ ಕಾಯಿಲೆಗೆ ಆಳದಲ್ಲಿ ಒಂದು ಬೇರು ಇರುತ್ತದೆ, ಹೆಚ್ಚಿನವರಲ್ಲಿ ಅದರ ಹೆಸರು ಸೋರಾ ಎನ್ನುತ್ತಾರೆ ಇವರು. ಅದು ಮೊದಲು ಚರ್ಮದ ಮೇಲೆ ತುರಿಕೆಯಾಗಿ ಕಾಣಿಸುತ್ತದೆ. ಮುಲಾಮು ಹಚ್ಚಿ ಅದನ್ನು ಒಳಗೆ ಅಟ್ಟಿದರೆ ಸುಮ್ಮನೆ ಕೂರುವುದಿಲ್ಲ. ಎದೆಗೋ ಕೀಲಿಗೋ ಇಳಿದು ಜೀವಮಾನವಿಡೀ ಕಾಡುತ್ತದೆ. ಸರಿಯಾದ ಮದ್ದನ್ನು ಒಂದೇ ಒಂದು ಸಲ ಕೊಟ್ಟು ಕಾಯಬೇಕು. ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಗುಣವಾಗುವಾಗ ಕಾಯಿಲೆ ತಾನು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಮೊದಲು ಎದೆ ಹಗುರಾಗುತ್ತದೆ, ಕೊನೆಗೆ ಬಾಲ್ಯದ ತುರಿಕೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಆಗ ಯಾರೂ ಅದನ್ನು ಮುಟ್ಟಬಾರದು. ನಂಬುವವರು ನಂಬಲಿ, ನಗುವವರು ನಗಲಿ. ನಾಸಿರ್ ಡಾಕ್ಟರರು ಮೂವತ್ತನಾಲ್ಕು ವರ್ಷ ಇದನ್ನು ನಂಬಿ ಬದುಕಿದವರು.

ಕಾಯುವಾಗ ರೋಗಿಗೆ ಬೇಸರ ಬರಬಾರದಲ್ಲ, ಅದಕ್ಕೆ ಮದ್ದಿಲ್ಲದ ಬರೀ ಸಕ್ಕರೆ ಮಾತ್ರೆ ಕೊಡುತ್ತಾರೆ. ರೋಗಿಗೆ ಯಾವುದು ಮದ್ದು, ಯಾವುದು ಸಕ್ಕರೆ ಎಂದು ಗೊತ್ತಾಗದ ಹಾಗೆ ನಾಸಿರ್ ಡಾಕ್ಟರರು ಬಾಟ್ಲಿಯ ಮುಚ್ಚಳದ ಮೇಲೆ ಅಂಕಿ ಬರೆಯುತ್ತಿದ್ದರು. ಗಂಧಕದ ಮದ್ದಿಗೆ ಏಳು, ಬರೀ ಸಕ್ಕರೆಗೆ ಸೊನ್ನೆ, ಹೀಗೆ. ಆ ಅಂಕಿಗಳ ಅರ್ಥ ಇಡೀ ತಾಲೂಕಿನಲ್ಲಿ ಇಬ್ಬರಿಗೆ ಗೊತ್ತಿತ್ತು, ಅವರಿಗೆ ಮತ್ತು ದೀಪಶ್ರೀಗೆ. ಕೇಸ್ ಬರೆಯುವ ಹಾಳೆಯನ್ನು ನಾಲ್ಕು ಕಾಲಂ ಮಾಡುವ ಕ್ರಮವೂ ಅವರದೇ: ತಾರೀಕು, ಲಕ್ಷಣ, ಮದ್ದು, ಕೊನೆಯದು ಅಡ್ಡಿ. ಮದ್ದಿನ ಕೆಲಸಕ್ಕೆ ಅಡ್ಡ ಬಂದದ್ದು ಏನು ಎಂದು ಹುಡುಕದವನು ಡಾಕ್ಟರನಲ್ಲ, ಅಂಗಡಿಯವನು ಎಂದು ಹುಡುಗಿಗೆ ದಿನಾ ಹೇಳುತ್ತಿದ್ದರು. ಎಂಥ ರೋಗಿ ಬಂದರೂ ಮೊದಲ ಪ್ರಶ್ನೆ "ಯಾವಾಗಿನಿಂದ?" ಎಂದೇ ಇರಬೇಕು ಎಂಬುದೂ ಅವರ ಪಾಠ.

ಜನವರಿಯ ಒಂದು ಗುರುವಾರ ಮಧ್ಯಾಹ್ನ ಶೇಷಪ್ಪ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಬಂದ. ನಾಲ್ಕು ತಿಂಗಳ ಮೇಲೆ ಮುಖ ತೋರಿಸುವ ಸಂಕೋಚ ಅವನಿಗಿತ್ತು. ಕಾಕಿ ಶರಟಿನ ತೋಳು ಮಡಚಿ ಮೇಜಿನ ಮೇಲೆ ಎರಡೂ ಮುಂಗೈ ಇಟ್ಟ. ಬೆರಳ ಸಂದಿಯಿಂದ ಮಣಿಕಟ್ಟಿನವರೆಗೆ ಕೆಂಪು ಗುಳ್ಳೆ ಎದ್ದಿತ್ತು.

"ತುರಿಕೆ ತಡೀಲಿಕ್ಕೆ ಆಗುದಿಲ್ಲ ಡಾಕ್ಟ್ರೆ. ಟಿಕೇಟು ಕೊಡುವಾಗ ಜನ ಕೈ ಹಿಂದೆ ತೆಗಿತಾರೆ. ದೀಪಶ್ರೀ ಡಾಕ್ಟ್ರು ಊರಲ್ಲಿ ಇಲ್ಲ, ಸೋಮವಾರ ಬರುದಂತೆ. ಅಲ್ಲಿವರೆಗೆ ಏನಾದ್ರೂ ಉಂಟಾ ನಿಮ್ಮ ಹತ್ರ?"

ಚಿಕ್ಕವನಿದ್ದಾಗ ಬಂದ ಕಜ್ಜಿ ಎಲ್ಲಿತ್ತು ಎಂದು ಡಾಕ್ಟರರು ಕೇಳಿದರು. ಉತ್ತರ ಅವರಿಗೆ ಗೊತ್ತೇ ಇತ್ತು. ಜುಲೈಯಲ್ಲಿ ಅವರೇ ಬರೆದುಕೊಂಡದ್ದು. ಇದೇ ಜಾಗ ಎಂದ ಶೇಷಪ್ಪ. ಅಮ್ಮ ಹಳದಿ ಮುಲಾಮು ತಂದು ವಾರದಲ್ಲಿ ಗುಣ ಮಾಡಿದ್ದರು, ಅದೇ ಮಳೆಗಾಲದಲ್ಲಿ ದಮ್ಮು ಶುರುವಾದದ್ದು ಎಂದು ಮತ್ತೊಮ್ಮೆ ಹೇಳಿದ. ಪಂಪು ಮುಟ್ಟದೆ ಎರಡು ತಿಂಗಳಾಯಿತು ಎಂದೂ ಸೇರಿಸಿದ.

ನಾಸಿರ್ ಡಾಕ್ಟರರು ಆ ಕೈಗಳನ್ನು ನೋಡುತ್ತಾ ಕೂತರು. ಪುಸ್ತಕದಲ್ಲಿ ಸಾವಿರ ಸಲ ಓದಿದ್ದು, ಕಾಲೇಜಿನಲ್ಲಿ ಭಾಷಣ ಮಾಡಿದ್ದು. ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟ ಕಾಯಿಲೆ, ಇಷ್ಟು ಸ್ವಚ್ಛವಾಗಿ, ಮೂವತ್ತನಾಲ್ಕು ವರ್ಷದಲ್ಲಿ ಅವರ ಕೈಯಲ್ಲಿ ಒಂದು ಸಲವೂ ಆಗಿರಲಿಲ್ಲ. ನಿನ್ನೆ ಮೊನ್ನೆಯವರೆಗೆ ಸ್ಟೂಲಿನ ಮೇಲೆ ಕೂತಿದ್ದವಳ ಕೈಯಲ್ಲಿ ಆಗಿತ್ತು. ಇನ್ನೊಂದು ತಿಂಗಳು ಬಿಟ್ಟರೆ ತುರಿಕೆಯೂ ಹೋಗುತ್ತದೆ, ಶೇಷಪ್ಪ ಪೂರ್ತಿ ಗುಣ. ಆಮೇಲೆ ಅವಳು ಇದನ್ನು ಬರೆಯುತ್ತಾಳೆ, ಸಮ್ಮೇಳನದಲ್ಲಿ ಓದುತ್ತಾಳೆ, ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಬೇಕಾದವರು ಇವರು. ಹೊಟ್ಟೆಕಿಚ್ಚು ಎಂಬುದಕ್ಕೆ, ಲಕ್ಷಣ ನೋಡಿ ಮದ್ದು ಹುಡುಕುವ ಅವರ ದೊಡ್ಡ ಪುಸ್ತಕದಲ್ಲಿ ಒಂದು ಶೀರ್ಷಿಕೆಯೇ ಇತ್ತು, ಅದರ ಕೆಳಗೆ ಮದ್ದುಗಳ ಪಟ್ಟಿ. ಆ ಪುಟ ತೆರೆಯುವ ಯೋಚನೆ ಅವರಿಗೆ ಬರಲಿಲ್ಲ.

"ಅವರ ಬಾಟ್ಲಿ ಉಂಟು ಬ್ಯಾಗಲ್ಲಿ. ತೋರಿಸ್ಲಾ ಡಾಕ್ಟ್ರೆ?" ಎಂದ ಶೇಷಪ್ಪ.

ಅವಳು ಯಾವ ಮದ್ದು ಕೊಟ್ಟಳು ಎಂದು ತಿಳಿಯುವ ಆಸೆ ಡಾಕ್ಟರರಿಗೆ ಗಂಟಲವರೆಗೆ ಬಂದಿತ್ತು. ಬೇರೆಯವರ ರೋಗಿ ಬಂದರೆ ಮೊದಲು ಹಿಂದಿನ ಮದ್ದು ನೋಡಬೇಕು, ಇದೂ ಅವರದೇ ಪಾಠ. ಆದರೆ ಶಿಷ್ಯೆಯ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡುವ ಗತಿ ತನಗೆ ಬಂತೇ ಎಂದು ಅಭಿಮಾನ ಅಡ್ಡ ನಿಂತಿತು.

"ಬೇಡ," ಎಂದರು. "ಕೂತ್ಕೊ, ಬಂದೆ."

ಕ್ಲಿನಿಕ್ಕಿನ ಹಿಂದೆಯೇ ಮನೆ. ಅಡುಗೆಮನೆಯ ಅಟ್ಟದ ಮೇಲೆ, ಅಕ್ಕಿ ಡ್ರಮ್ಮಿನ ನೇರಕ್ಕೆ, ಒಂದು ತಗಡಿನ ಡಬ್ಬಿ. ಅದರೊಳಗೆ ಕರ್ಪೂರದ ಅರ್ಕ. ಅದರ ವಾಸನೆ ತಾಗಿದರೂ ಉಳಿದ ಮದ್ದುಗಳ ಶಕ್ತಿ ಹೋಗುತ್ತದೆ ಎಂದು ಯಾವ ಹಳೆಯ ಪದ್ಧತಿಯ ಡಾಕ್ಟರನೂ ಅದನ್ನು ಕ್ಲಿನಿಕ್ಕಿನಲ್ಲಿ ಇಡುವುದಿಲ್ಲ. ಹೆಂಡತಿ ರುಖಿಯಮ್ಮ ಆ ಡಬ್ಬಿ ಒರೆಸಿದ ದಿನ ಕೈ ತೊಳೆಯದೆ ಕ್ಲಿನಿಕ್ಕಿನ ಬಾಗಿಲು ದಾಟುವ ಹಾಗಿರಲಿಲ್ಲ. ಈಗ ಗಂಡ ಸ್ಟೂಲು ಹತ್ತಿ ಡಬ್ಬಿ ಇಳಿಸುವುದನ್ನು ನೋಡಿ, ಯಾರಿಗಾದರೂ ತಪ್ಪಿ ಹೆಚ್ಚು ಮದ್ದು ಹೋಯಿತೇ ಎಂದು ಗಾಬರಿಯಿಂದ ಕೇಳಿದರು. ಕೊಟ್ಟ ಮದ್ದನ್ನು ಹಿಂದೆ ತೆಗೆಯಲಿಕ್ಕಷ್ಟೇ ಅದು ಎಂದು ಅವರಿಗೂ ಗೊತ್ತಿತ್ತು. ಒಬ್ಬನಿಗೆ ತುರಿಕೆ, ಪಾಪ, ಅಷ್ಟೇ ಎಂದರು ಡಾಕ್ಟರರು. ರುಖಿಯಮ್ಮ ಮತ್ತೇನೂ ಕೇಳದೆ ಸ್ಟೂಲನ್ನು ಹಿಡಿದುಕೊಂಡರು.

ಮೂರು ಹನಿ ಅರ್ಕವನ್ನು ಸಕ್ಕರೆಯ ಮೇಲೆ ಹಾಕಿ, ಶೇಷಪ್ಪನನ್ನು ಎದುರು ನಿಲ್ಲಿಸಿ ತಿನ್ನಿಸಿದರು. ಉಳಿದದ್ದನ್ನು ತೆಂಗಿನೆಣ್ಣೆಗೆ ಬೆರೆಸಿ, ದಿನಕ್ಕೆ ಮೂರು ಸಲ ಹಚ್ಚಲು ಕೊಟ್ಟರು. ಒಳಗಿನಿಂದ ಮದ್ದನ್ನು ಮುರಿಯುವುದು, ಹೊರಗಿನಿಂದ ತುರಿಕೆಯನ್ನು ಅಟ್ಟುವುದು. ಎಲ್ಲಿಯೂ ಸಂದು ಬಿಡಲಿಲ್ಲ ಮಹಾರಾಯರು. ಮನಸ್ಸಿಗೆ ಮಾತ್ರ ಬೇರೆಯೇ ಹೇಳಿಕೊಂಡರು: ಬಂದವನಿಗೆ ಆರಾಮ ಕೊಡುವುದು ಡಾಕ್ಟರನ ಧರ್ಮ, ಸೋಮವಾರದವರೆಗೆ ಪರಚಿಕೊಂಡಿರು ಎನ್ನಲಾಗುತ್ತದೆಯೇ.

ಶೇಷಪ್ಪ ಹೊರಡುವಾಗ ಒಂದು ಮಾತು ಸೇರಿಸಿದರು. "ಇದು ಬರೀ ಎಣ್ಣೆ ಮಾರಾಯ. ಅವಳಿಗೆ ಹೇಳ್ಬೇಕಂತ ಏನಿಲ್ಲ. ಸುಮ್ನೆ ಬೇಜಾರು ಮಾಡ್ಕೊಳ್ತಾಳೆ."

ಇಬ್ಬರು ಡಾಕ್ಟರರ ನಡುವೆ ಓಡಾಡಿದ ನಾಚಿಕೆ ಶೇಷಪ್ಪನಿಗೂ ಇತ್ತು. ಇಲ್ಲ, ನಾನು ಯಾಕೆ ಹೇಳ್ತೇನೆ ಎಂದು ಕೈ ಮುಗಿದು ಹೋದ.

ಮೊದಲ ವಾರ ವಿಸಿಲ್ ಎಂದಿನಂತೆಯೇ ಕೇಳಿತು. ಡಾಕ್ಟರರಿಗೆ ಸಮಾಧಾನವೂ ಆಯಿತು, ಕಿರಿಕಿರಿಯೂ ಆಯಿತು. ಯಾವುದು ಹೆಚ್ಚು ಎಂದು ಕೇಳಬೇಡಿ. ಮೂರನೆಯ ವಾರ ವಿಸಿಲ್ ಗಿಡ್ಡವಾಯಿತು. ಫೆಬ್ರವರಿ ನಡುವಿಗೆ ಅದು ಬಾಲ ತುಂಡಾದ ಹಲ್ಲಿಯಷ್ಟಾಯಿತು. ತಿಂಗಳ ಕೊನೆಯ ಒಂದು ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ವಿಸಿಲ್ ಬರಲಿಲ್ಲ, ತಗಡಿನ ಮೇಲೆ ಅಂಗೈಯ ಎರಡು ಪೆಟ್ಟು ಬಂತು. ತಾವು ಮಾಡಿದ್ದು ಪಾಪ ಎಂದು ಡಾಕ್ಟರರಿಗೆ ಗೊತ್ತಾಯಿತು. ಆದರೂ ಅದೇ ಗಳಿಗೆಯಲ್ಲಿ ಹೊಟ್ಟೆಯೊಳಗೆ ಎಲ್ಲಿಯೋ ಒಂದು ತಂಪು ಹರಿದದ್ದು ಸುಳ್ಳಲ್ಲ. ಆ ಮಧ್ಯಾಹ್ನ ಅವರು ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಮಾರ್ಚಿನಲ್ಲಿ ದೀಪಶ್ರೀಯ ಫೋನ್ ಬಂತು. ಶೇಷಪ್ಪಣ್ಣನ ಕೇಸು ಕೈಬಿಟ್ಟು ಹೋಗುತ್ತಾ ಉಂಟು, ತನಗೆ ದಾರಿ ಕಾಣುವುದಿಲ್ಲ, ಸರ್ ಒಮ್ಮೆ ಬಂದು ನೋಡಬಹುದೇ ಎಂದು ಕೇಳಿದಳು. ನಾಸಿರ್ ಡಾಕ್ಟರರು ಡೈರಿ ನೋಡುವ ಹಾಗೆ ಸ್ವಲ್ಪ ಹೊತ್ತು ಮಾಡಿ, ಭಾನುವಾರ ಬರುತ್ತೇನೆ ಎಂದರು. ಡೈರಿ ಅವರಲ್ಲಿ ಇರಲೇ ಇಲ್ಲ. ಭಾನುವಾರ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ, ಮದ್ದಿಗೆ ವಾಸನೆ ಆಗದೆಂದು ಅತ್ತರನ್ನು ನೆನಪಿನಿಂದ ಬಿಟ್ಟು, ಒಂಬತ್ತು ನಲವತ್ತರ ಬಸ್ಸಿಗೇ ಹತ್ತಿದರು. ಕೊನೆಗೂ ಅವಳಿಗೆ ನನ್ನ ಬಾಗಿಲೇ ಗತಿಯಾಯಿತಲ್ಲ ಎಂಬ ಖುಷಿಯನ್ನು ಮುಖದಲ್ಲಿ ಬಿಡದೆ ಕಿಟಕಿಯ ಹತ್ತಿರ ಕೂತರು.

ಆ ಖುಷಿ ಪುಂಜಾಲಕಟ್ಟೆಯವರೆಗೂ ಬಾಳಲಿಲ್ಲ. ಶೇಷಪ್ಪ ಪ್ರತಿ ಸ್ಟಾಪಿಗೆ ಇಳಿದು ಹತ್ತುತ್ತಿದ್ದ, ಹತ್ತಿದವನು ಬಾಗಿಲ ಸರಳು ಹಿಡಿದು ಉಸಿರು ಎಳೆಯುತ್ತಿದ್ದ. ಮಡಂತ್ಯಾರು, ಬೆಳ್ತಂಗಡಿ ಎಂದು ಕೂಗುವ ಕೆಲಸವನ್ನು ಮುಂದಿನ ಸೀಟಿನ ಪ್ರಯಾಣಿಕರೊಬ್ಬರು ಮಾಡುತ್ತಿದ್ದರು. ವಿಸಿಲ್ ಕೊರಳಲ್ಲಿ ಹಾಗೆಯೇ ನೇತಾಡುತ್ತಿತ್ತು. ಡಾಕ್ಟರರ ಹತ್ತಿರ ಬಂದಾಗ ಟಿಕೇಟಿನ ಮಾತೆತ್ತದೆ, ನಕ್ಕು, ತಾನೂ ಮಡಂತ್ಯಾರಿನಲ್ಲಿ ಇಳಿಯುವುದು, ಅಲ್ಲಿಂದ ಬೇರೆ ಕಂಡಕ್ಟರ್ ಹತ್ತುತ್ತಾನೆ ಎಂದು ಉಸಿರಿಗಾಗಿ ಎರಡು ಸಲ ಮಾತು ನಿಲ್ಲಿಸಿ ಹೇಳಿದ. ತುರಿಕೆ ಹೇಗಿದೆ ಎಂದು ಡಾಕ್ಟರರು ಮೆಲ್ಲಗೆ ಕೇಳಿದರು. ಶೇಷಪ್ಪ ಕೈ ತೋರಿಸಿದ. ಒಂದು ಕಲೆಯೂ ಇಲ್ಲದ ಚೊಕ್ಕ ಕೈ.

ದೀಪಶ್ರೀಯ ಕ್ಲಿನಿಕ್ಕು ಭಾನುವಾರವಾದ್ದರಿಂದ ಖಾಲಿ ಇತ್ತು. ಅವಳು ಎದ್ದು ತನ್ನ ಕುರ್ಚಿಯನ್ನು ಡಾಕ್ಟರರಿಗೆ ಬಿಟ್ಟುಕೊಟ್ಟಳು. ಅವರು ಬೇಡ ಎನ್ನಲಿಲ್ಲ. ಶೇಷಪ್ಪ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತ. ಅವಳು ಫೈಲು ತೆರೆದು ಮುಂದಿಟ್ಟಳು. ಅದೇ ನಾಲ್ಕು ಕಾಲಂ, ಗೀಟೂ ಅವರು ಎಳೆಯುವ ಹಾಗೆಯೇ.

ಡಾಕ್ಟರರ ಕಣ್ಣು ಮೂರನೆಯ ಕಾಲಮ್ಮಿಗೆ ಹಾರಿತು. ಆರು ತಿಂಗಳಿಂದ ಹೊಟ್ಟೆಯಲ್ಲಿ ಇಟ್ಟುಕೊಂಡ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಸೆಪ್ಟೆಂಬರ್ ಹದಿನೆಂಟು, ಸೊನ್ನೆ. ಅಕ್ಟೋಬರ್ ಎರಡು, ಸೊನ್ನೆ. ಅಕ್ಟೋಬರ್ ಮೂವತ್ತು, ಸೊನ್ನೆ. ಹಾಳೆ ತಿರುವಿದರು. ನವೆಂಬರ್, ಡಿಸೆಂಬರ್, ಜನವರಿ, ಎಲ್ಲ ಸೊನ್ನೆಯೇ. ಮದ್ದು ಎಲ್ಲಿ ಎಂದು ಅವರು ತಲೆ ಎತ್ತಿದರು.

ಅವಳು ಮೊದಲ ಹಾಳೆಯ ನೆತ್ತಿಯ ಮೇಲೆ ಬೆರಳಿಟ್ಟಳು. ಅಲ್ಲಿ ಕೆಂಪು ಇಂಕಿನಲ್ಲಿ ಬರೆದಿತ್ತು: ಏಳು, ಒಂದು ಡೋಸ್, ಜುಲೈ ಹನ್ನೆರಡು, ನಾಸಿರ್ ಸರ್.

"ಶೇಷಪ್ಪಣ್ಣ ಬರುವಾಗ ನಿಮ್ಮ ಹಳೇ ಬಾಟ್ಲಿಗಳನ್ನೆಲ್ಲ ತಂದಿದ್ರು ಸರ್. ಮುಚ್ಚಳ ನೋಡಿದೆ. ರಾತ್ರಿ ಸ್ವಲ್ಪ ನಿದ್ರೆ ಬರ್ತದೆ, ಅಂಗಾಲು ಉರಿ ಕಮ್ಮಿಯಾಗಿದೆ ಅಂದ್ರು. ಎದೆಗೆ ಇನ್ನೂ ಬಂದಿರ್ಲಿಲ್ಲ ಅಷ್ಟೆ. ನಿಮ್ಮ ಮದ್ದು ಕೆಲಸ ಶುರು ಮಾಡಿತ್ತು. ನಾನು ಬರೀ ಕಾದದ್ದು."

ನಾಸಿರ್ ಡಾಕ್ಟರರಿಗೆ ಸೆಪ್ಟೆಂಬರಿನಲ್ಲಿ ತಮ್ಮ ಫೈಲಿನಲ್ಲಿ ತಾವೇ ಫಲವಿಲ್ಲ ಎಂದು ಬರೆದು ದಾರ ಕಟ್ಟಿದ್ದು ನೆನಪಾಯಿತು. ಆ ಕೈಗಳ ಮೇಲಿನ ಗುಳ್ಳೆ, ಜೀವಮಾನದಲ್ಲಿ ಒಂದು ಸಲ ನೋಡಬೇಕೆಂದು ಹಂಬಲಿಸಿದ್ದು, ಅವರದೇ ಆಗಿತ್ತು. ನವೆಂಬರಿನಿಂದ ದಿನಕ್ಕೆರಡು ಸಲ ರಸ್ತೆಯ ಆಚೆಯಿಂದ ಊದುತ್ತಿದ್ದ ವಿಸಿಲೂ ಅವರದೇ. ಬ್ಯಾಗಿನಿಂದ ಹೊರಬರಲಿದ್ದ ಆ ಬಾಟ್ಲಿಯ ಮುಚ್ಚಳದ ಮೇಲೆ ಸೊನ್ನೆ ಇತ್ತು, ಒಂದು ಸಲ ನೋಡಿ, ಅದಕ್ಕೂ ಮೊದಲು ಕೊಟ್ಟದ್ದು ಯಾವುದು ಎಂದು ಕೇಳಿದ್ದರೆ ಸಾಕಿತ್ತು.

ದೀಪಶ್ರೀ ಮುಂದುವರಿಸಿದಳು. ತುರಿಕೆ ಎದ್ದಿದೆ ಎಂದು ಕ್ಲಿನಿಕ್ಕಿನವರು ಫೋನಿನಲ್ಲಿ ಹೇಳಿದಾಗ ಅವಳಿಗೆ ಕುಣಿಯುವಷ್ಟು ಸಂತೋಷವಾಗಿತ್ತಂತೆ. ಸಮ್ಮೇಳನಕ್ಕೆ ಇದನ್ನು ಸರ್ ಹೆಸರಿನಲ್ಲೇ ಕಳಿಸಬೇಕೆಂದು ಬರೆಯಲೂ ಶುರು ಮಾಡಿದ್ದಳಂತೆ. ಊರಿಂದ ಬಂದು ನೋಡಿದರೆ ತುರಿಕೆ ಮಾಯ, ಹದಿನೈದು ದಿನದಲ್ಲಿ ದಮ್ಮು ವಾಪಸು. ಈಗ ಅದೇ ಏಳನ್ನು ಮತ್ತೆ ಕೊಟ್ಟು ನೋಡಿದರೂ ಮದ್ದು ಎದ್ದೇಳುತ್ತಿಲ್ಲ ಎಂದಳು.

"ಮಧ್ಯದಲ್ಲಿ ಏನೋ ಅಡ್ಡ ಬಂದಿದೆ ಸರ್. ಕಾಫಿ ಕೇಳಿದೆ, ನೋವಿನ ಮುಲಾಮು ಕೇಳಿದೆ, ಬಟ್ಟೆ ಮಧ್ಯೆ ಇಡುವ ವಾಸನೆ ಗುಳಿಗೆ ಕೇಳಿದೆ. ಎಂತದ್ದೂ ಇಲ್ಲ ಅಂತಾರೆ. ನನ್ನಿಂದಲೇ ಏನಾದ್ರೂ ತಪ್ಪಾಯ್ತಾ ಅಂತ ನಿದ್ರೆ ಬರುದಿಲ್ಲ ನನಗೆ."

ನಾಲ್ಕನೆಯ ಕಾಲಂ ಖಾಲಿ ಇತ್ತು. ಡಾಕ್ಟರರು ಬಾಗಿಲ ಕಡೆ ನೋಡಿದರು. ಬೆಂಚಿನ ಮೇಲಿದ್ದ ಶೇಷಪ್ಪ ಇವರ ಕಣ್ಣು ತಪ್ಪಿಸಿ ತನ್ನ ಚಪ್ಪಲಿ ನೋಡುತ್ತಿದ್ದ. ಅವನಿಗೆ ಎಲ್ಲ ಅರ್ಥವಾಗಿತ್ತೋ ಇಲ್ಲವೋ. ಕೊಟ್ಟ ಮಾತನ್ನಂತೂ ಹಿಡಿದುಕೊಂಡು ಕೂತಿದ್ದ, ಉಸಿರು ಸುಂಯ್ ಎನ್ನುತ್ತಿದ್ದರೂ. ಇವರು ಬಾಯಿ ಬಿಡದಿದ್ದರೆ ಅವನೂ ಬಿಡುತ್ತಿರಲಿಲ್ಲ. ಹುಡುಗಿ ತನ್ನದೇ ತಪ್ಪೆಂದು ಬರೆದುಕೊಂಡು, ಇನ್ನೂ ಹತ್ತು ವರ್ಷ ಆ ಖಾಲಿ ಜಾಗ ನೋಡಿಕೊಂಡು ಇರುತ್ತಿದ್ದಳು. ಅಂಥದ್ದೊಂದು ದಾರಿ ತೆರೆದೇ ಇತ್ತು, ಅದರ ಮುಂದೆ ಡಾಕ್ಟರರು ಸ್ವಲ್ಪ ಹೊತ್ತು ನಿಂತದ್ದೂ ನಿಜ.

ಆಮೇಲೆ ಅವರು ಕಿಸೆಯಿಂದ ಪೆನ್ನು ತೆಗೆದರು. ನಾಲ್ಕನೆಯ ಕಾಲಮ್ಮಿನಲ್ಲಿ, ಜನವರಿಯ ಆ ಗುರುವಾರದ ತಾರೀಕು ಹಾಕಿ, ಕರ್ಪೂರ ಎಂದು ಬರೆದರು. ಕೆಳಗೆ, ತಿನ್ನಿಸಿದ್ದು ಮತ್ತು ಹಚ್ಚಿಸಿದ್ದು ಎಂದು ಸೇರಿಸಿದರು. ಅದರ ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಫೈಲನ್ನು ಅವಳ ಕಡೆ ತಿರುಗಿಸಿ, ಕುರ್ಚಿಯಿಂದ ಎದ್ದು, ಮೇಜು ಸುತ್ತಿ ಬಂದು ರೋಗಿಗಳ ಸ್ಟೂಲಿನ ಮೇಲೆ ಕೂತರು.

ದೀಪಶ್ರೀ ಓದಿದಳು. ಮತ್ತೊಮ್ಮೆ ಓದಿದಳು. ಮುಖ ಬಿಳುಚಿಕೊಂಡಿತು. ತುರಿಕೆ ನೋಡಿಯೂ ಕೊಟ್ಟದ್ದಾ ಎಂದು ಕೇಳಿದಳು. ನೋಡಿ, ಗೊತ್ತಿದ್ದೇ ಕೊಟ್ಟದ್ದು ಎಂದರು. ಯಾಕೆ ಎಂಬ ಪ್ರಶ್ನೆ ಅವಳ ಬಾಯಿಗೆ ಬರುವ ಮೊದಲೇ ಅವರು ಉತ್ತರ ಕೊಟ್ಟರು.

"ಹೊಟ್ಟೆಕಿಚ್ಚು."

ಹೊರಗೆ ಮಡಂತ್ಯಾರಿನ ಪೇಟೆಯಲ್ಲಿ ಯಾವುದೋ ಬಸ್ಸಿನ ಕಂಡಕ್ಟರ್ ಜೋರಾಗಿ ವಿಸಿಲ್ ಊದಿದ. ಬೆಂಚಿನ ಮೇಲೆ ಶೇಷಪ್ಪ ಕೊರಳಿನ ವಿಸಿಲನ್ನು ಹಿಡಿದುಕೊಂಡ. ದೀಪಶ್ರೀಗೆ ಬೈಯಬೇಕೆನಿಸಿತೋ, ಅಳಬೇಕೆನಿಸಿತೋ, ಎರಡೂ ಮಾಡಲಿಲ್ಲ. ಅವಳು ಡ್ರಾಯರಿನಿಂದ ಒಂದು ಹೊಸ ಹಾಳೆ ತೆಗೆದು, ಸ್ಕೇಲಿಟ್ಟು ಮೂರು ಗೀಟು ಎಳೆದು, ತಾನೇ ಬಿಟ್ಟುಕೊಟ್ಟಿದ್ದ ಕುರ್ಚಿಯಲ್ಲಿ ಕೂತಳು.

"ಯಾವಾಗಿನಿಂದ ಸರ್?" ಎಂದಳು.

ನೀನು ಬೋರ್ಡು ಹಾಕಿದ ದಿನದಿಂದ ಎನ್ನಲು ನಾಸಿರ್ ಡಾಕ್ಟರರು ಬಾಯಿ ತೆರೆದರು. ಆದರೆ ರೋಗಿ ಮೊದಲು ಹೇಳುವ ತಾರೀಕು ಯಾವತ್ತೂ ಸರಿಯಿರುವುದಿಲ್ಲ, ಅದರ ಹಿಂದಕ್ಕೆ ಕೆದಕಬೇಕು ಎಂದು ಕಲಿಸಿದವರು ಅವರೇ.

"ನೀನು ಬಂದ ಎರಡನೇ ತಿಂಗಳಿಂದ," ಎಂದರು. "ಸ್ವೀಟ್ ತರಿಸಿದ್ದೆ ನೋಡು, ಆ ದಿನದಿಂದ."

ಅವಳು ಬರೆದುಕೊಂಡಳು.